ಯಾನಿತ್ಸಾಳ ಮಂಡಿ ಮತ್ತು 4 ಚಿನ್ನ

ಪ್ರೀತಿಯ ಗೆಳೆಯಾ,

ಹಿಮದ ಇಳಿಜಾರಲ್ಲಿ ಜಾರೋ ಆಲ್ಪೈನ್ ಸ್ಕೀಯಿಂಗ್‌ನ ಯಾನಿತ್ಸಾ ಕೊಸ್ಟೆಲಿಚ್‌ಳನ್ನು ನಾನು ಸುಮ್ನೆ ಹೊಗಳ್ತೀನಿ ಅಂತ ಬರೆದಿದ್ದೀಯ. ವಿಶ್ವಕಪ್‌ನಲ್ಲಿ (ಸೀಸನ್ ಪೂರ್ತಿ ನಡೆಯೋ ರೇಸ್‌ಗಳ ಸರಣಿ) ಅವಳು ಗೆದ್ದ ರೇಸ್‌ಗಳು 30, ಅಮೆರಿಕದ ಮಿಕೇಲಾ ಶಿಫ್ರಿನ್ 100 ದಾಟಿದ್ದಾಳೆ, ಒಪ್ಪಿದೆ. ಆದರೆ ಆ 30 ಎಂಥ ಮಂಡಿ ಇಟ್ಟುಕೊಂಡು ಗೆದ್ದದ್ದು ಅನ್ನೋದನ್ನೂ ನೋಡಬೇಕು ಅಲ್ವಾ?

ಅವಳದು ಕ್ರೊಯೇಷಿಯಾದ ಜಾಗ್ರೆಬ್. ಆಸ್ಟ್ರಿಯಾ, ಸ್ವಿಟ್ಜರ್ಲೆಂಡ್‌ನವರಿಗೆ ಇರುವಂಥ ತಂಡ, ದುಡ್ಡು ಯಾವುದೂ ಇರಲಿಲ್ಲ. ಅಪ್ಪ ಆಂಟೆಯೇ ಕೋಚ್. ಅವಳನ್ನೂ ಅವಳ ಅಣ್ಣ ಇವಿತ್ಸಾನನ್ನೂ ಕರೆದುಕೊಂಡು ಊರೂರು ತಿರುಗುವಾಗ ಹೋಟೆಲಿಗೆ ಕಾಸಿಲ್ಲದೆ ಕಾರಲ್ಲಿ, ಟೆಂಟಲ್ಲಿ ಮಲಗಿದ್ದೂ ಉಂಟು.

1999ರ ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಸೇಂಟ್ ಮೋರಿಟ್ಜ್‌ನಲ್ಲಿ ಬಿದ್ದು ಮಂಡಿಯ ಲಿಗಮೆಂಟ್‌ಗಳು ಹರಿದವು. ಆಗ ಅವಳಿಗೆ ಇನ್ನೂ 17. ಸ್ಲಾಲಮ್ ಅಂದ್ರೆ ಹತ್ತಿರ ಹತ್ತಿರ ನೆಟ್ಟ ಕಂಬಗಳನ್ನು ಬಳಸಿಕೊಂಡು ಇಳಿಯೋ ರೇಸ್. ಅದರಲ್ಲಿ ಕಂಬದಿಂದ ಕಂಬಕ್ಕೆ ತಿರುಗುವಾಗ, ಕಲ್ಲಿನಂತೆ ಗಟ್ಟಿಯಾದ ಹಿಮದ ಮೇಲೆ ಮೈಭಾರವೆಲ್ಲ ಹೊರಗಿನ ಕಾಲಿಗೆ ಬೀಳುತ್ತದೆ, ಅದು ಸರಿಯಾಗುವಷ್ಟರಲ್ಲಿ ಮುಂದಿನ ಕಂಬ ಬಂದಿರುತ್ತದೆ, ಭಾರ ಇನ್ನೊಂದು ಕಾಲಿಗೆ. ಕೆಟ್ಟ ಮಂಡಿಗೆ ಇದಕ್ಕಿಂತ ಜಾಸ್ತಿ ಶಿಕ್ಷೆ ಯಾವ ಆಟದಲ್ಲಿದೆ ಹೇಳು. ಅಂಥದ್ದರಲ್ಲಿ ಮುಂದಿನ ಸೀಸನ್‌ಗೇ ಬಂದು ಒಟ್ಟಾರೆ ವಿಶ್ವಕಪ್ (ಸೀಸನ್‌ನ ಎಲ್ಲ ಬಗೆಯ ರೇಸ್‌ಗಳ ಅಂಕ ಕೂಡಿಸಿ ಕೊಡೋದು) ಗೆದ್ದಳು. ಆಮೇಲೆ ಮತ್ತೆ ಆಪರೇಷನ್.

ಅಲ್ಲಿಂದ 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್. ಕಂಬೈನ್ಡ್‌ನಲ್ಲಿ, ಅಂದ್ರೆ ಅತಿ ವೇಗದ ಡೌನ್‌ಹಿಲ್ ಮತ್ತು ಸ್ಲಾಲಮ್ ಎರಡೂ ಸೇರಿದ ಸ್ಪರ್ಧೆಯಲ್ಲಿ, ಚಿನ್ನ. ಇನ್ನೊಂದು ವೇಗದ ರೇಸ್ ಸೂಪರ್-ಜಿಯಲ್ಲಿ ಬೆಳ್ಳಿ, ಅದೂ ಸೆಕೆಂಡಿನ ನೂರರಲ್ಲಿ 5 ಪಾಲು ತಡವಾಗಿ. ಸ್ಲಾಲಮ್‌ನಲ್ಲಿ ಎರಡೂ ಓಟದ ಸಮಯ ಕೂಡಿಸಿದಾಗ ಫ್ರಾನ್ಸಿನ ಲಾರ್ ಪೆಕೆನ್ಯೋಗಿಂತ ನೂರರಲ್ಲಿ 7 ಪಾಲು ಮುಂದೆ, ಚಿನ್ನ. ಎರಡು ದಿನ ಬಿಟ್ಟು, ಕಂಬಗಳು ಇನ್ನೂ ದೂರ ದೂರ ಇರೋ ಜೈಂಟ್ ಸ್ಲಾಲಮ್‌ನಲ್ಲಿ ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಇನ್ನೊಂದು ಚಿನ್ನ. ಒಂದೇ ಒಲಿಂಪಿಕ್ಸ್‌ನಲ್ಲಿ ಆಲ್ಪೈನ್ ಸ್ಕೀಯಿಂಗ್‌ನ 3 ಚಿನ್ನ ಗೆದ್ದ ಮೊದಲ ಹೆಣ್ಣು ಅವಳು. ಕ್ರೊಯೇಷಿಯಾಕ್ಕೆ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಮೊದಲ ಪದಕ ಬಂದದ್ದೂ ಅವಳಿಂದಲೇ.

ಆಮೇಲೂ ಮೈ ಕಾಡಿತು. ಥೈರಾಯ್ಡ್ ಆಪರೇಷನ್, ಮಂಡಿಯ ಆಪರೇಷನ್, ಒಂದು ಇಡೀ ಸೀಸನ್ ಹೋಯಿತು. 2006ರಲ್ಲಿ ಟ್ಯೂರಿನ್‌ನಲ್ಲಿ ಹುಷಾರಿಲ್ಲದೆ ಡೌನ್‌ಹಿಲ್ ಬಿಟ್ಟಳು, ಕೆಲವೇ ದಿನಗಳಲ್ಲಿ ಕಂಬೈನ್ಡ್‌ನಲ್ಲಿ ನಾಲ್ಕನೇ ಒಲಿಂಪಿಕ್ ಚಿನ್ನ ಹಾಕಿಕೊಂಡಳು! ಅದೇ ವರ್ಷ ಮೂರನೇ ಸಲ ಒಟ್ಟಾರೆ ವಿಶ್ವಕಪ್ ಕೂಡ.

2007ರಲ್ಲಿ, 25ರ ವಯಸ್ಸಿಗೇ ನಿಲ್ಲಿಸಿದಳು. ಇನ್ನೂ ಆಡಬಹುದಿತ್ತು ಅಂತ ನೀನು ಬೇಜಾರು ಮಾಡ್ಕೊಂಡಿದ್ದೀಯ. ನನಗೆ ಹಾಗನ್ನಿಸಲ್ಲ ಕಣೋ. ಆ ನೋವು ಎಷ್ಟಿತ್ತು ಅಂತ ಗೊತ್ತಿದ್ದವಳು ಅವಳೊಬ್ಬಳೇ, ಸಾಕು ಅನ್ನೋ ಹಕ್ಕೂ ಅವಳದೇ. ಸಾಲ್ಟ್ ಲೇಕ್‌ನ ಆ ಸ್ಲಾಲಮ್ ವಿಡಿಯೋ ಸಿಕ್ಕರೆ ಎರಡನೇ ಓಟ ನೋಡು, ಅವಳ ಕಾಲನ್ನೇ ನೋಡು, ಆಮೇಲೆ ಮತ್ತೆ ಜಗಳ ಆಡೋಣ.

ನಿನ್ನ ಗೆಳೆಯ