ಮೂರು ಸಲ ಎತ್ತಿಕೊಟ್ಟ ಕತ್ತರಿ

ಗೆಳೆಯಾ,

ಮೊನ್ನೆ ಫೋನಿನಲ್ಲಿ ಮದರ್ ಮರಿಯಾ ಸ್ಕೋಬ್ತ್ಸೋವಾ ಎಂಬ ರಷ್ಯನ್ ಸನ್ಯಾಸಿನಿಯ ಬಗ್ಗೆ ನೀನು ಕೇಳಿದ್ದು ತಲೆಯಿಂದ ಹೋಗುತ್ತಲೇ ಇಲ್ಲ. "ಹೆತ್ತ ಮಕ್ಕಳನ್ನಿಟ್ಟುಕೊಂಡು ಸನ್ಯಾಸಿನಿ ಆದಳಾ? ಆ ಮಕ್ಕಳ ಗತಿ ಏನು ಮಾರಾಯಾ?" ಆಗ ಏನೋ ಹೇಳಿ ಜಾರಿಕೊಂಡೆ. ಇವತ್ತು ರಜೆ. ಹಾಗಾಗಿ ಪ್ಯಾರಿಸ್ಸಿನ ಲೂರ್ಮೆಲ್ ರಸ್ತೆಗೆ ಹೋಗಿಬಂದೆ. ಆಕೆ ಇದ್ದ 77ನೇ ನಂಬರಿನ ಹಳೇ ಮನೆ ಈಗಿಲ್ಲ. ಪಕ್ಕದ ಗಲ್ಲಿಗೆ ಮಾತ್ರ ಆಕೆಯ ಹೆಸರಿದೆ.

ಹುಟ್ಟಿದ್ದು 1891ರಲ್ಲಿ, ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ ರೀಗಾದಲ್ಲಿ. ಆಗಿನ ಹೆಸರು ಎಲಿಜವೇತಾ. ಕವಿತೆ ಬರೆಯುತ್ತಿದ್ದಳು. ರಷ್ಯಾದ ಕ್ರಾಂತಿಯ ಗಲಾಟೆಯಲ್ಲಿ ಕಪ್ಪು ಸಮುದ್ರದ ದಡದ ಅನಾಪಾ ಊರಿಗೆ ಮೇಯರ್ ಕೂಡ ಆಗಿದ್ದಳು. ಎರಡು ಮದುವೆ, ಮೂರು ಮಕ್ಕಳು. ದೇಶ ಬಿಟ್ಟು ಪ್ಯಾರಿಸ್ಸಿಗೆ ಬಂದಾಗ ಕೈಯಲ್ಲಿ ಕಾಸಿಲ್ಲ. ಹೊಲಿಗೆ ಮಾಡಿ, ಬೊಂಬೆ ಮಾಡಿ ಹೊಟ್ಟೆ ಹೊರೆದಳು.

1926ರಲ್ಲಿ ಕಿರಿಯ ಮಗಳು ನಾಸ್ತ್ಯಾ ಮೆದುಳು ಜ್ವರದಲ್ಲಿ ಹೋದಳು. ನಾಲ್ಕು ವರ್ಷವೂ ತುಂಬಿರಲಿಲ್ಲ. ಹಾಸಿಗೆ ಪಕ್ಕ ಕೂತು ತಾಯಿ ಆ ಮಗುವಿನ ಚಿತ್ರ ಬರೆದಳು. ಅದನ್ನು ನಾನು ಒಂದು ಸಲ ನೋಡಿದೆ. ಇನ್ನೊಂದು ಸಲ ನೋಡಲಾಗಲಿಲ್ಲ.

ಅಲ್ಲಿಂದ ಆಕೆಗೆ ಒಂದೇ ಹಟ, ಎಲ್ಲರಿಗೂ ತಾಯಿಯಾಗಬೇಕು. ಗಂಡನ ಜೊತೆಗಿನ ಬಾಳು ಆಗಲೇ ಮುರಿದಿತ್ತು. ದೀಕ್ಷೆಗೆ ಆತನ ಒಪ್ಪಿಗೆ ಬೇಕಿತ್ತು. ಕೊನೆಗೆ ಧರ್ಮಗುರು ಎವ್ಲೋಗಿ ತಾನೇ ಹೋಗಿ ಮಾತಾಡಿ ಒಪ್ಪಿಸಿದ. 1932ರಲ್ಲಿ ದೀಕ್ಷೆ ಆಯಿತು.

ಆಕೆಯದು ಆರ್ಥೊಡಾಕ್ಸ್ ಕ್ರೈಸ್ತ ಪಂಥ. ಅದರ ದೀಕ್ಷೆಯ ಒಂದು ಪದ್ಧತಿ ಹೇಳಲೇಬೇಕು. ಗುರು ಕತ್ತರಿಯನ್ನು ಪಕ್ಕಕ್ಕೆ ಬಿಡುತ್ತಾನೆ. ದೀಕ್ಷೆ ಪಡೆಯುವವಳು ಅದನ್ನು ಎತ್ತಿ ಅವನ ಕೈಗೆ ಕೊಡಬೇಕು. ಹೀಗೆ ಮೂರು ಸಲ. ಯಾರೂ ಬಲವಂತ ಮಾಡಿಲ್ಲ, ಬೇಡವೆನಿಸಿದರೆ ಈಗಲೂ ಎದ್ದು ಹೋಗಬಹುದು ಅಂತ. ಆಮೇಲೇ ಕೂದಲು ಕತ್ತರಿಸುವುದು, ಹೊಸ ಹೆಸರು ಇಡುವುದು. ಆಗ ಮಗ ಯೂರಿಗೆ ಹನ್ನೆರಡು ವರ್ಷ. ಮೂರನೇ ಸಲ ಬಗ್ಗಿದಾಗ ಆಕೆಯ ಕೈ ನಡುಗಲಿಲ್ಲವಾ? ನನಗಂತೂ ಅಲ್ಲೇ ಗಂಟಲು ಕಟ್ಟುತ್ತದೆ.

ಕತ್ತರಿ ಎತ್ತಿಕೊಟ್ಟ ಮೇಲಾದರೂ ನೆಮ್ಮದಿ ಸಿಕ್ಕಿತು ಅಂದುಕೊಂಡೆಯಾ? ಆ ಬೇಸಿಗೆಯಲ್ಲೇ ಲಾಟ್ವಿಯಾ, ಎಸ್ಟೋನಿಯಾದ ಮಠಗಳನ್ನು ನೋಡಿಬಂದಳು. ಹೊರಗೆ ಲೋಕ ಹೊತ್ತಿ ಉರಿಯುತ್ತಿದೆ, ಒಳಗಿದ್ದವರಿಗೆ ಅದರ ಬಿಸಿಯೇ ತಟ್ಟಿಲ್ಲ ಅನ್ನಿಸಿತು. ಗೋಡೆ ಬೇಡ ಅಂತ ಪ್ಯಾರಿಸ್ಸಿನಲ್ಲೇ ಬಾಡಿಗೆ ಮನೆ ಹಿಡಿದು ನಿರ್ಗತಿಕ ರಷ್ಯನ್ನರಿಗೆ ಊಟ ಹಾಕಿದಳು. ತನ್ನ ಕೋಣೆಯನ್ನೂ ಬಿಟ್ಟುಕೊಟ್ಟು ನೆಲಮಾಳಿಗೆಯಲ್ಲಿ ಬಾಯ್ಲರ್ ಪಕ್ಕ ಮಲಗಿದಳು. ಬೆಳಗಿನ ಜಾವ ಲೆ ಆಲ್ ಮಾರ್ಕೆಟ್ಟಿಗೆ ಚೀಲ ಹೊತ್ತು ಹೋಗಿ ಮಾರಾಟವಾಗದ ತರಕಾರಿ ಬೇಡಿ ತರುತ್ತಿದ್ದಳು. ಸನ್ಯಾಸದ ಬಟ್ಟೆಯಲ್ಲೇ ಸಿಗರೇಟು ಸೇದುತ್ತಿದ್ದಳು! ಅಡುಗೆ ಜಾಸ್ತಿ ಇದ್ದರೆ ಪ್ರಾರ್ಥನೆಯ ಮಧ್ಯೆಯೇ ಎದ್ದು ಹೋಗುತ್ತಿದ್ದಳು. ಇದು ಸನ್ಯಾಸವೇ ಅಲ್ಲ ಅಂದವರಿಗೆ ಕಡಿಮೆಯಿರಲಿಲ್ಲ. ಜೊತೆಗಿದ್ದ ಸನ್ಯಾಸಿನಿಯರೂ ಬೇರೆ ಮಠ ಮಾಡಿಕೊಂಡು ಹೋದರು.

ಈಗ ನಿನ್ನ ಪ್ರಶ್ನೆ. ಹಿರಿಯ ಮಗಳು ಗಯಾನಾ 1935ರಲ್ಲಿ ಸೋವಿಯತ್ ರಷ್ಯಾಕ್ಕೆ ವಾಪಸ್ ಹೋದಳು. ಮರುವರ್ಷವೇ ಮಾಸ್ಕೋದಲ್ಲಿ ಸತ್ತಳು. ತಾಯಿ ಹತ್ತಿರ ಇರಲಿಲ್ಲ. ಊರಿನವರಿಗೆಲ್ಲ ತಾಯಿ, ಮಗಳಿಗೆ ಮಾತ್ರ ದೂರ. ಇದನ್ನು ನಾನು ಸಮರ್ಥಿಸಲಾರೆ. ಸುಮ್ನೆ ಸಂತಳು ಅಂತ ಕೈಮುಗಿದರೆ ಆ ಹುಡುಗಿಗೆ ಅನ್ಯಾಯ ಮಾಡಿದಂತಾಗುತ್ತದೆ ಅಲ್ವಾ?

ಯೂರಿಯದು ಬೇರೆ ಕಥೆ. ದೊಡ್ಡವನಾಗಿ ತಾನೇ ತಾಯಿಯ ಕೆಲಸಕ್ಕೆ ಕೈಜೋಡಿಸಿದ. ಯಹೂದಿಗಳಿಗೆ ಆಸರೆ ಕೊಟ್ಟರೆಂದು 1943ರ ಫೆಬ್ರವರಿಯಲ್ಲಿ ನಾಜಿಗಳು ಇಬ್ಬರನ್ನೂ ಹಿಡಿದರು. ಫ್ರಾನ್ಸಿನ ಕಾಂಪಿಯೆನ್ ಸೆರೆ ಶಿಬಿರದಲ್ಲಿ ತಾಯಿ ಮಗ ಕೊನೇ ಸಲ ಮುಖ ನೋಡಿಕೊಂಡರು. ಅವನು 1944ರಲ್ಲಿ ಜರ್ಮನಿಯ ಡೋರಾ ಶಿಬಿರದಲ್ಲಿ ಸತ್ತ. ಆಕೆ 1945ರ ಮಾರ್ಚ್ 31ರಂದು ಅಲ್ಲಿನದೇ ರಾವೆನ್ಸ್‌ಬ್ರೂಕ್ ಶಿಬಿರದಲ್ಲಿ. 2004ರಲ್ಲಿ ಆರ್ಥೊಡಾಕ್ಸ್ ಚರ್ಚು ತಾಯಿಯನ್ನೂ ಮಗನನ್ನೂ ಸಂತರೆಂದು ಸಾರಿತು. ಗಯಾನಾಳ ಹೆಸರು ಅದರಲ್ಲಿಲ್ಲ.

ಈ ಪತ್ರವನ್ನು ನಿಮ್ಮಮ್ಮನಿಗೂ ಓದಿ ಹೇಳು. ಮೂವರನ್ನು ಹೆತ್ತವರು ಅವರು. ಕತ್ತರಿಯ ಮಾತು ಬಂದಾಗ ಏನಂದರು ಅಂತ ಮರೆಯದೆ ಬರಿ.

ನಿನ್ನ ಗೆಳೆಯ