ಏನೂ ಅನ್ನಿಸಲಿಲ್ಲ ಎಂದವನ ಕಣ್ಣು

ಚಿ. ಮೇಧಾಳಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮನೆಯ ಸುದ್ದಿ ನಿನಗೆ ಗೊತ್ತಿರುವಷ್ಟೇ ನನಗೂ ಗೊತ್ತು, ಅದನ್ನು ಬಿಡುತ್ತೇನೆ. ಆರೋಗ್ಯವಂತರಿಗೆ ಹೊಸ ಕಣ್ಣಿನ ಹನಿ ಹಾಕಿ ಅದು ಸುರಕ್ಷಿತವೇ ಎಂದು ನೋಡುವ ನಿನ್ನ ಪರೀಕ್ಷೆಯ ಬಗ್ಗೆ ಬರೆದ ಪತ್ರದ ಒಂದು ಸಾಲು ಮಾತ್ರ ನನ್ನನ್ನು ಬಿಡುತ್ತಿಲ್ಲ. ‘ಮೂರನೇ ದಿನ ಆತ ಉರಿಗೆ ಸೊನ್ನೆ ಅಂಕ ಕೊಟ್ಟ, ಏನೂ ಅನ್ನಿಸಲಿಲ್ಲ ಮೇಡಂ ಅಂದ. ಬಣ್ಣ ಹಾಕಿ ಸ್ಲಿಟ್ ಲ್ಯಾಂಪಿನ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಾರ್ನಿಯಾದ ಪಾರದರ್ಶಕ ಪೊರೆ ತುಂಬ ಹಸಿರು ಚುಕ್ಕೆ. ನೋವೇ ಗೊತ್ತಾಗದ ಹಾಗೆ ಒಂದು ಒಳ್ಳೆಯ ಕಣ್ಣು ನನ್ನ ಕೈಯಲ್ಲಿ ಕೆಡುತ್ತಿದ್ದರೆ?’ ಎಂದು ಬರೆದಿದ್ದೀಯಲ್ಲ, ಆ ಸಾಲು.

ಹೆದರಬೇಡ ಎಂದು ಬರೆಯಲು ಹೊರಟೆ. ಆಮೇಲೆ ಅದು ಸುಳ್ಳು ಸಮಾಧಾನ ಅನ್ನಿಸಿತು. ರೋಗಿಗೆ ಹನಿ ಹಾಕುವಾಗ ಅವನ ಕಾಯಿಲೆಯಾದರೂ ನಮ್ಮ ಪಕ್ಷದಲ್ಲಿರುತ್ತದೆ. ಆರೋಗ್ಯವಂತನಿಗೆ ಆ ಹನಿ ಬೇಕಾಗಿಯೇ ಇಲ್ಲ. ಅವನಿಗೆ ಸಿಗುವ ಲಾಭ ಸೊನ್ನೆ, ಹಾಗಾಗಿ ಆಗುವ ಹಾನಿಯೂ ಸೊನ್ನೆಗೆ ಹತ್ತಿರವೇ ಇರಬೇಕು. ನಿನ್ನ ಭಯಕ್ಕೆ ಬುಡವಿದೆ.

ಕಾರ್ನಿಯಾದಲ್ಲಿ ನರಗಳು ದಟ್ಟವಾಗಿರುವುದರಿಂದ ತೊಂದರೆಯಾದರೆ ಕಣ್ಣೇ ಕೂಗಿ ಹೇಳುತ್ತದೆ ಎಂದು ನಾವು ನಂಬಿಕೊಂಡಿರುತ್ತೇವೆ. ಬಹುಪಾಲು ಅದು ನಿಜ. ಕಣ್ಣೀರಿನ ಪಿಎಚ್ ಸುಮಾರು 7.4, ಲವಣಾಂಶ 0.9 ಶೇಕಡಾ ಉಪ್ಪುನೀರಿಗೆ ಹತ್ತಿರ. ಹನಿ ಇವೆರಡರಿಂದ ದೂರ ಸರಿದರೆ ತಕ್ಷಣ ಉರಿ, ನೀರು, ಪಟಪಟ ರೆಪ್ಪೆ. ಹನಿಯ ಗಾತ್ರ 30ರಿಂದ 50 ಮೈಕ್ರೋಲೀಟರ್, ಕಣ್ಣೀರಿನ ಪದರದಲ್ಲಿರುವುದು 7ರಿಂದ 10 ಅಷ್ಟೆ. ಕಣ್ಣಿನ ಚೀಲ ಹಿಡಿಯುವುದು ಹೆಚ್ಚೆಂದರೆ 30. ಉಳಿದದ್ದು ಕೆನ್ನೆಗೆ, ಇಲ್ಲವೇ ಮೂಗಿಗೆ. ಉರಿಯುವ ಹನಿ ಹೀಗೆ ತನ್ನನ್ನು ತಾನೇ ತೊಳೆದುಕೊಂಡು ಹೋಗುತ್ತದೆ. ಅಂಥ ಹನಿ ಮಾರುಕಟ್ಟೆಯಲ್ಲಿ ನಿಲ್ಲದೆ ಹೋಗಬಹುದು, ಆದರೆ ನಮ್ಮನ್ನು ಮೋಸ ಮಾಡುವುದಿಲ್ಲ.

ಮೋಸ ಮಾಡುವುದು ಸದ್ದಿಲ್ಲದವು. ಡೈಕ್ಲೋಫೆನ್ಯಾಕ್‌ನಂಥ ನೋವುನಿವಾರಕ ಹನಿಗಳು ಕಾರ್ನಿಯಾದ ಸ್ಪರ್ಶಜ್ಞಾನವನ್ನೇ ತಗ್ಗಿಸುತ್ತವೆ. ಕೆಡುತ್ತಿರುವುದನ್ನು ಹೇಳಬೇಕಾದ ನರವೇ ಮಂಕಾದರೆ ಸೊನ್ನೆ ಅಂಕಕ್ಕೆ ಏನು ಬೆಲೆ? ಸಂರಕ್ಷಕವಾಗಿ ಹಾಕುವ ಬೆಂಜಾಲ್ಕೋನಿಯಂ ಕ್ಲೋರೈಡ್ ಸಾಬೂನಿನ ಜಾತಿಯದು. ಶೇಕಡಾ 0.01, 0.02ರಷ್ಟು ಇದ್ದರೂ ಕಣ್ಣೀರಿನ ಎಣ್ಣೆ ಪದರವನ್ನು ಒಡೆದು ಮೇಲ್ಪದರದ ಜೀವಕೋಶಗಳನ್ನು ಸಡಿಲಿಸುತ್ತದೆ. ಮೊದಲ ಹನಿಗೆ ಏನೂ ಕಾಣುವುದಿಲ್ಲ, ದಿನಕ್ಕೆ ನಾಲ್ಕು ಬಾರಿಯಂತೆ ಹಾಕುತ್ತಾ ಹೋದಾಗ ಎದ್ದು ಕಾಣುತ್ತದೆ. ಸ್ಟೀರಾಯ್ಡ್ ಹನಿಯಿಂದ ಕೆಲವರಲ್ಲಿ ಕಣ್ಣಿನ ಒತ್ತಡ ಏರುತ್ತದೆ, ಅದೂ ಸಾಮಾನ್ಯವಾಗಿ ಕೆಲವು ವಾರ ಹಾಕಿದ ಮೇಲೆ, ಎಳ್ಳಷ್ಟೂ ನೋವಿಲ್ಲದೆ. ಒಂದು ವಾರದ ಪರೀಕ್ಷೆ ಅದನ್ನು ಹಿಡಿಯಲಾರದು. ಇನ್ನು ಕಣ್ಣಿನ ಒತ್ತಡ ಇಳಿಸಲು ಹಾಕುವ ಟಿಮೋಲಾಲ್ ಕಣ್ಣಿಗೆ ಸಾಧುವಾಗಿದ್ದು ಮೂಗಿನ ಒಳಪೊರೆಯಿಂದ ನೇರ ರಕ್ತಕ್ಕೆ ಇಳಿಯುತ್ತದೆ, ಯಕೃತ್ತಿನ ಸುಂಕದಕಟ್ಟೆ ದಾಟುವ ಪ್ರಮೇಯವೇ ಇಲ್ಲ. ನಾಡಿ ನಿಧಾನವಾಗುತ್ತದೆ, ಆಸ್ತಮಾ ಇದ್ದವನಿಗೆ ಉಸಿರು ಕಟ್ಟಬಹುದು. ಆದ್ದರಿಂದಲೇ ಕಣ್ಣಿನ ಪರೀಕ್ಷೆಯಲ್ಲೂ ನಾಡಿ, ರಕ್ತದೊತ್ತಡ, ಇಸಿಜಿ ಇರುವುದು. ಅದನ್ನು ಕಾಟಾಚಾರ ಅಂದುಕೊಳ್ಳುವ ಕಣ್ಣಿನ ವೈದ್ಯರೇ ಜಾಸ್ತಿ.

ನಿನ್ನ ಭಯವನ್ನು ಕಡಿಮೆ ಮಾಡುವ ಬದಲು ಬೆಳೆಸಿದೆನೇನೋ. ಇರಲಿ, ಮೇಲ್ಪದರ ಕೆಟ್ಟ ಕಡೆ ಫ್ಲೋರೆಸೀನ್ ಬಣ್ಣ ಹಿಡಿದು ಹೊಳೆಯುವ ಆ ಚುಕ್ಕೆಗಳಿಗೆ ಬರುತ್ತೇನೆ.

ಎಷ್ಟು ಚುಕ್ಕೆ, ಎಲ್ಲಿ, ಯಾವ ಕಣ್ಣಲ್ಲಿ ಎಂದು ನೀನು ಬರೆದಿಲ್ಲ. ಆರೋಗ್ಯವಂತರ ಕಾರ್ನಿಯಾದಲ್ಲೂ ನಾಲ್ಕಾರು ಚುಕ್ಕೆ ಇರುವುದುಂಟು, ಬೆಳಿಗ್ಗೆ ಒಂದು ಬಗೆ, ಸಂಜೆ ಒಂದು ಬಗೆ. ಆದ್ದರಿಂದ ಹನಿ ಹಾಕುವ ಮುಂಚಿನ ಚಿತ್ರ ಕೈಯಲ್ಲಿಲ್ಲದೆ ಮೂರನೇ ದಿನದ ಚಿತ್ರಕ್ಕೆ ಅರ್ಥವಿಲ್ಲ. ಚುಕ್ಕೆಗೆ ಅಂಕ ಕೊಡಲು ಆಕ್ಸ್‌ಫರ್ಡ್ ಪಟ್ಟಿಯಲ್ಲಿ 0ರಿಂದ 5, ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟಿನ (ಎನ್‌ಇಐ) ಪಟ್ಟಿಯಲ್ಲಿ ಕಾರ್ನಿಯಾದ ಐದು ಭಾಗಕ್ಕೆ ತಲಾ 0ರಿಂದ 3, ಒಟ್ಟು 15. ಯಾವುದನ್ನಾದರೂ ಬಳಸು, ಮೊದಲ ದಿನ ಒಂದು, ಮೂರನೇ ದಿನ ಇನ್ನೊಂದು ಮಾಡಬೇಡ. ನೋಡುವವರೂ ಒಬ್ಬರೇ ಆಗಿದ್ದರೆ ಒಳ್ಳೆಯದು.

ಚುಕ್ಕೆ ಕೆಳಗೆ, ಮೂಗಿನ ಕಡೆಗೆ ಗುಂಪಾಗಿದ್ದರೆ ಔಷಧದ ಮೇಲೆ ಅನುಮಾನ ಹೆಚ್ಚು, ಹನಿ ನಿಲ್ಲುವುದು ಅಲ್ಲೇ. ಇಡೀ ಕಾರ್ನಿಯಾದ ಮೇಲೆ ಸಣ್ಣಗೆ ಹರಡಿದ್ದರೂ ಹಾಗೆಯೇ. ಒಂದೇ ಕಡೆ ಗೀರಿನಂತಿದ್ದರೆ ಬಾಟಲಿಯ ತುದಿ ತಗುಲಿರಬಹುದು. ಎರಡೂ ಕಣ್ಣಲ್ಲಿ ಸಮನಾಗಿದ್ದರೆ, ಮತ್ತು ಒಂದು ಕಣ್ಣಿಗೆ ಔಷಧವಿಲ್ಲದ ಬರೀ ದ್ರಾವಣ ಹೋಗುತ್ತಿದ್ದರೆ, ಔಷಧಕ್ಕಿಂತ ಮೊದಲು ಸಂರಕ್ಷಕದ ಮೇಲೆ ಅನುಮಾನಪಡು. ಒಂದು ಎಚ್ಚರಿಕೆ, ಇನ್ನೊಂದು ಕಣ್ಣು ಪೂರ್ತಿ ನಿರ್ದೋಷಿ ಸಾಕ್ಷಿಯೂ ಅಲ್ಲ. ಟಿಮೋಲಾಲ್ ಒಂದು ಕಣ್ಣಿಗೆ ಹಾಕಿದರೆ ರಕ್ತದ ದಾರಿಯಲ್ಲಿ ಹೋಗಿ ಮತ್ತೊಂದರ ಒತ್ತಡವನ್ನೂ ಸ್ವಲ್ಪ ಇಳಿಸುತ್ತದೆ.

ನನಗೆ ಎಲ್ಲಕ್ಕಿಂತ ಮೊದಲು ಬಂದ ಅನುಮಾನ ಬೇರೆ. ಅಂದು ಕಣ್ಣಿನ ಒತ್ತಡ ಅಳೆದದ್ದು ಚುಕ್ಕೆ ನೋಡುವ ಮುಂಚೆಯೋ, ಆಮೇಲೋ? ಒತ್ತಡ ಅಳೆಯಲು ಹಾಕುವ ಮರಗಟ್ಟಿಸುವ ಹನಿಯೇ ಮೇಲ್ಪದರದಲ್ಲಿ ಚುಕ್ಕೆ ಎಬ್ಬಿಸುತ್ತದೆ. ಅದರ ಮೇಲೆ ಟೋನೋಮೀಟರಿನ ತುದಿಯೂ ಮುಟ್ಟಿರುತ್ತದೆ. ಮರಗಟ್ಟಿದ ಕಣ್ಣು ಉರಿಗೆ ಸೊನ್ನೆ ಕೊಡದೆ ಇನ್ನೇನು ಕೊಟ್ಟೀತು? ಹೀಗಾಗಿದ್ದರೆ ನೀನು ಕಂಡದ್ದೂ ಅವನು ಹೇಳಿದ್ದೂ ಎರಡೂ ಆ ಒಂದು ಹನಿಯ ಕೆಲಸ. ಪರೀಕ್ಷೆಯ ಕ್ರಮ ಹೀಗಿರಬೇಕು, ಮೊದಲು ಮಾತು, ಆಮೇಲೆ ದೃಷ್ಟಿ, ಆಮೇಲೆ ಬಣ್ಣವಿಲ್ಲದೆ ಸ್ಲಿಟ್ ಲ್ಯಾಂಪ್. ಕಾರ್ನಿಯಾದ ಹಿಂದೆ ದ್ರವ ತುಂಬಿರುವ ಮುಂಭಾಗದ ಕೋಣೆಯ ಕಣಗಳನ್ನು ಆಗಲೇ ಎಣಿಸಿಬಿಡಬೇಕು, ಫ್ಲೋರೆಸೀನ್ ಒಳಗಿಳಿದರೆ ಅಲ್ಲಿನ ಮಂಜು ನೋಡಲಾಗದು. ಅದಾದ ಮೇಲೆ ಫ್ಲೋರೆಸೀನ್, ಕಣ್ಣೀರ ಪದರ ಒಡೆಯುವ ಸಮಯ, ಚುಕ್ಕೆ. ಮರಗಟ್ಟಿಸುವ ಹನಿ ಮತ್ತು ಒತ್ತಡ ಇವೆಲ್ಲದರ ನಂತರ. ಪಾಪೆ ಹಿಗ್ಗಿಸಿ ಅಕ್ಷಿಪಟಲ ನೋಡುವುದು ಕೊನೆಗೆ. ನಿನಗೆ ಇದು ಗೊತ್ತಿಲ್ಲವೆಂದಲ್ಲ. ಜನ ಸಾಲುಗಟ್ಟಿ ನಿಂತಾಗ, ಖಾಲಿ ಇರುವ ಯಂತ್ರಕ್ಕೆ ಯಾರನ್ನೋ ಕೂರಿಸಿಬಿಡುವುದು ಎಲ್ಲ ಕಡೆಯೂ ನಡೆಯುತ್ತದೆ.

ಫ್ಲೋರೆಸೀನ್ ಪಟ್ಟಿಯೂ ಆಟವಾಡಿಸುತ್ತದೆ. ಸಂರಕ್ಷಕವಿಲ್ಲದ ಉಪ್ಪುನೀರಿನ ಒಂದೇ ತೊಟ್ಟು, ಒದರಿ, ಕೆಳರೆಪ್ಪೆಗೆ ತಾಗಿಸಿದರೆ ಸಾಕು. ಬಣ್ಣ ಹೆಚ್ಚಾದರೆ ಹೊಳೆಯುವ ಬದಲು ಮಂಕಾಗುತ್ತದೆ. ಎಷ್ಟು ನಿಮಿಷಕ್ಕೆ ನೋಡುತ್ತೀ ಎಂಬುದು ಎಲ್ಲರಿಗೂ ಒಂದೇ ಇರಲಿ, ಎರಡು ನಿಮಿಷ ಎಂದರೆ ಎರಡೇ. ನೀಲಿ ಬೆಳಕಿನ ಜೊತೆ ಹಳದಿ ಫಿಲ್ಟರ್ ಇಟ್ಟುಕೋ, ಅದಿಲ್ಲದಿದ್ದರೆ ಎಷ್ಟೋ ಚುಕ್ಕೆ ಕಣ್ಣು ತಪ್ಪುತ್ತದೆ.

ಇಷ್ಟೆಲ್ಲ ಸರಿಯಿದ್ದೂ ಅವನು ಸೊನ್ನೆಯನ್ನೇ ಹೇಳಿದ ಎಂದಿಟ್ಟುಕೊಳ್ಳೋಣ. ಮನಸ್ಸು ಮತ್ತೆ ಅಲ್ಲಿಗೇ ಹೋಗುತ್ತದೆ. ಏಕೆ ಹೇಳಿದ? ಒಂದು, ನಿಜವಾಗಿ ಅನ್ನಿಸಿಲ್ಲ. ಹಾಗಿದ್ದರೆ ಸ್ಪರ್ಶಜ್ಞಾನ ಅಳೆಯಬೇಕು. ಕೋಶೆ-ಬೊನೆ ಉಪಕರಣದ ನೈಲಾನ್ ಎಳೆ ಪೂರ್ತಿ 60 ಮಿಲಿಮೀಟರ್ ಚಾಚಿದಾಗ ತಾಗುವುದು ತೀರಾ ಹಗುರ, ಮೊಟಕಾದಷ್ಟೂ ಗಟ್ಟಿ. ಆರೋಗ್ಯವಂತ ಕಾರ್ನಿಯಾದ ನಡುಭಾಗ 50-60ರಲ್ಲೇ ಎಚ್ಚೆತ್ತುಕೊಳ್ಳುತ್ತದೆ. ಹನಿ ಶುರುವಾಗುವ ಮೊದಲು 60 ಇದ್ದದ್ದು ಈಗ 40ಕ್ಕೆ ಬಂದಿದ್ದರೆ ನಿನ್ನ ಭಯಕ್ಕೊಂದು ಅಂಕಿ ಸಿಕ್ಕಂತೆ. ಅದನ್ನು ಮಾಡುವುದು ಚುಕ್ಕೆ ಎಣಿಸಿದ ಮೇಲೆ, ಮರಗಟ್ಟಿಸುವ ಹನಿಗೆ ಮುಂಚೆ.

ಎರಡು, ಅನ್ನಿಸಿದೆ, ಹೇಳಿಲ್ಲ. ಇದರ ಸಾಧ್ಯತೆ ಜಾಸ್ತಿ ಎಂದು ನನ್ನ ಮತ. ಉರಿ ಎಂದರೆ ಮನೆಗೆ ಕಳಿಸುತ್ತಾರೆ, ಉಳಿದ ದಿನಗಳ ಹಣ ಹೋಗುತ್ತದೆ ಎಂಬ ಲೆಕ್ಕ ಅವನ ತಲೆಯಲ್ಲಿದ್ದರೆ ಹಲ್ಲು ಕಚ್ಚಿಕೊಂಡು ನಗುತ್ತಾನೆ. ವೈದ್ಯಕೀಯ ಕಾರಣಕ್ಕೆ ನಾವೇ ಬಿಡಿಸಿದರೆ ಹಣ ಕಡಿತವಾಗುವುದಿಲ್ಲ ಎಂದು ಒಪ್ಪಿಗೆ ಪತ್ರದಲ್ಲಿ ಇದೆಯೇ ನೋಡು. ಇದ್ದರೆ ಬಾಯಿಬಿಟ್ಟು ಮತ್ತೆ ಹೇಳು, ಸಹಿ ಹಾಕುವಾಗ ಓದಿದ್ದು ಮೂರನೇ ದಿನಕ್ಕೆ ಯಾರಿಗೂ ನೆನಪಿರುವುದಿಲ್ಲ. ಇಲ್ಲದಿದ್ದರೆ ನೈತಿಕ ಸಮಿತಿಗೆ ಬರೆಯಬೇಕಾದ ವಿಷಯ ಅದು. ಹನಿ ಹಾಕಿದ ಕೈಯೇ ‘ಉರೀತಾ?’ ಎಂದು ಕೇಳಬಾರದು. ಬೇರೆಯವರು ಕೇಳಲಿ, ಅದೂ ‘ಹೇಗಿದೆ ಕಣ್ಣು?’ ಎಂದು ಖಾಲಿಯಾಗಿ. ಆಮೇಲೆ ಉರಿ, ಚುಚ್ಚು, ತುರಿಕೆ, ಮಸುಕು, ಕಸ ಬಿದ್ದಂತೆ, ಗಂಟಲಲ್ಲಿ ಕಹಿ, ಒಂದೊಂದಾಗಿ. ಕೇಳುವ ಹೊತ್ತೂ ಮುಖ್ಯ. ಹಾಕಿದ ಕೂಡಲೇ, ಒಂದು ನಿಮಿಷಕ್ಕೆ, ಐದಕ್ಕೆ, ಹದಿನೈದಕ್ಕೆ. ಚುಚ್ಚುವ ಹನಿಯ ಚುಚ್ಚು ಒಂದೆರಡು ನಿಮಿಷದಲ್ಲಿ ಮುಗಿದಿರುತ್ತದೆ. ಅರ್ಧ ಗಂಟೆ ಬಿಟ್ಟು ಕೇಳಿದರೆ ಅವನು ಹೇಳುವ ಸೊನ್ನೆ ಸುಳ್ಳೂ ಅಲ್ಲ, ನಿಜವೂ ಅಲ್ಲ.

ನಾನು ಈ ಕೆಲಸಕ್ಕೆ ಬಂದ ಕಾಲದ ನಮೂನೆಗಳಲ್ಲಿ ಉರಿಗಿದ್ದದ್ದು ಒಂದೇ ಕಾಲಂ, ಹೌದು ಅಥವಾ ಇಲ್ಲ. ಎಷ್ಟು, ಎಷ್ಟು ಹೊತ್ತು ಎಂದು ಯಾರೂ ಕೇಳುತ್ತಿರಲಿಲ್ಲ. ಆ ‘ಇಲ್ಲ’ಗಳಲ್ಲಿ ಎಷ್ಟು ಜನ ಹಲ್ಲು ಕಚ್ಚಿಕೊಂಡಿದ್ದರೋ ಎಂಬುದು ಈಗಲೂ ಕೊರೆಯುತ್ತದೆ. ಅದಕ್ಕೂ ಹಿಂದೆ ಮಾತು ಬಾರದ ಮೊಲದ ಕಣ್ಣೇ ಎಲ್ಲಕ್ಕೂ ಅಳತೆಗೋಲು. 1944ರಲ್ಲಿ ಡ್ರೇಜ್ ರೂಪಿಸಿದ ಪರೀಕ್ಷೆ ಅದು. ಮೊಲ ರೆಪ್ಪೆ ಬಡಿಯುವುದು ತೀರಾ ಅಪರೂಪ, ಹನಿ ಅದರ ಕಣ್ಣಲ್ಲಿ ನಮ್ಮದಕ್ಕಿಂತ ಹೆಚ್ಚು ಹೊತ್ತು ನಿಲ್ಲುತ್ತದೆ. ಮೊಲದಲ್ಲಿ ಕಂಡದ್ದು ಮನುಷ್ಯನಲ್ಲಿ ಕಾಣಬೇಕೆಂದಿಲ್ಲ, ಕಾಣದ್ದು ಕಾಣಬಾರದೆಂದೂ ಇಲ್ಲ.

2006ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಆದದ್ದನ್ನು ನಿಮಗೆ ಪಾಠ ಮಾಡಿರುತ್ತಾರೆ. ಟಿಜಿಎನ್1412 ಎಂಬ ಪ್ರತಿಕಾಯವನ್ನು ಆರು ಆರೋಗ್ಯವಂತರ ರಕ್ತನಾಳಕ್ಕೆ ಕೆಲವೇ ನಿಮಿಷಗಳ ಅಂತರದಲ್ಲಿ ಒಬ್ಬರ ಹಿಂದೆ ಒಬ್ಬರಂತೆ ಕೊಟ್ಟರು. ಮೊದಲನೆಯವನಿಗೆ ಏನಾಗುತ್ತದೆಂದು ತಿಳಿಯುವ ಹೊತ್ತಿಗೆ ಆರೂ ಜನಕ್ಕೆ ಔಷಧ ಹೋಗಿತ್ತು, ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಅದು ಕಣ್ಣಿನ ಹನಿಯಲ್ಲ, ಆದರೂ ಹೊಸ ಹನಿಯನ್ನು ಮೊದಲು ಒಬ್ಬಿಬ್ಬರಿಗೆ ಹಾಕಿ, ಕನಿಷ್ಠ ಒಂದು ದಿನ ಕಾದು, ಆಮೇಲೆ ಗುಂಪಿನ ಉಳಿದವರಿಗೆ ಹಾಕುವ ಕಟ್ಟುನಿಟ್ಟಿನ ಹಿಂದೆ ಆ ದಿನವಿದೆ. ಕಣ್ಣಿನವರು ‘ಒಂದು ಹನಿಯಲ್ಲಿ ಏನಾಗುತ್ತದೆ’ ಎಂದು ಈ ಕಾಯುವಿಕೆಯನ್ನು ಕತ್ತರಿಸಲು ನೋಡುತ್ತಾರೆ. ಒಪ್ಪಬೇಡ.

ಏನು ಮಾಡಬೇಕೆಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ, ಬೇಡವಾದರೆ ಬಿಡು. ಚುಕ್ಕೆ ಮೊದಲ ದಿನಕ್ಕಿಂತ ಎರಡು ಹಂತ ಏರಿದ್ದರೆ, ಅಥವಾ ನಡುಭಾಗದಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದರೆ, ನಾನಾಗಿದ್ದರೆ ಮುಂದಿನ ಹನಿ ನಿಲ್ಲಿಸುತ್ತೇನೆ. ನಿಲ್ಲಿಸಲು ಕಂಪನಿಯ ಅಪ್ಪಣೆ ಬೇಕಿಲ್ಲ, ಒಳಗಿರುವುದು ಔಷಧವೋ ಬರೀ ದ್ರಾವಣವೋ ಎಂದು ಗುಟ್ಟು ಒಡೆಯುವುದೂ ಬೇಕಿಲ್ಲ. ಮುಖ್ಯ ಸಂಶೋಧಕರಿಗೆ ತಕ್ಷಣ ಹೇಳಬೇಕು, ಅಷ್ಟೆ. ಗುಟ್ಟು ಒಡೆಯುವುದು ಚಿಕಿತ್ಸೆಗೆ ಅದು ತಿಳಿಯಲೇಬೇಕಾದಾಗ. ಮರುದಿನ ಮತ್ತೆ ನೋಡು, ಮೇಲ್ಪದರದ ಚುಕ್ಕೆಗಳು ಹನಿ ನಿಂತ ಮೇಲೆ ಸಾಮಾನ್ಯವಾಗಿ ಕೆಲವೇ ದಿನಗಳಲ್ಲಿ ಮಾಯುತ್ತವೆ. ಮಾಯುವವರೆಗೆ ಕಾಂಟ್ಯಾಕ್ಟ್ ಲೆನ್ಸ್ ಬೇಡ. ಉರಿ ಎಂದರೂ ಮರಗಟ್ಟಿಸುವ ಹನಿಯನ್ನು ಕೈಗೆ ಕೊಟ್ಟು ಕಳಿಸಬೇಡ, ಅದು ಗಾಯ ಮಾಯುವುದನ್ನೇ ತಡೆಯುತ್ತದೆ. ದೃಷ್ಟಿಯಲ್ಲಿ ಹತ್ತು ಅಕ್ಷರ, ಅಂದರೆ ಎರಡು ಸಾಲು, ಇಳಿದಿದ್ದರೆ ಚುಕ್ಕೆಯ ಲೆಕ್ಕ ಬಿಟ್ಟು ಅದಕ್ಕೆ ಕಾರಣ ಹುಡುಕು. ನಮೂನೆಯಲ್ಲಿ ‘ತೀವ್ರ’ ಮತ್ತು ‘ಗಂಭೀರ’ ಬೇರೆ ಬೇರೆ ಎಂಬುದು ನೆನಪಿರಲಿ. ಜೋರು ಉರಿ ತೀವ್ರ. ಆಸ್ಪತ್ರೆಗೆ ಸೇರಿಸುವಂತಾದರೆ, ದೃಷ್ಟಿ ಉಳಿಯುವುದೇ ಅನುಮಾನವಾದರೆ ಗಂಭೀರ, ಅದನ್ನು 24 ಗಂಟೆಯೊಳಗೆ ತಿಳಿಸುವುದು ರೂಢಿ.

ಹನಿ ಹಾಕುವ ಕೈಯನ್ನೂ ಒಮ್ಮೆ ಗಮನಿಸು. ಬಾಟಲಿ ಓರೆಯಾದರೆ ಹನಿಯ ಗಾತ್ರ ಬದಲಾಗುತ್ತದೆ, ನೆಟ್ಟಗೆ ಹಿಡಿಯಬೇಕು. ಕೆಳರೆಪ್ಪೆ ಎಳೆದು ಎರಡು ಸೆಂಟಿಮೀಟರ್ ಮೇಲಿನಿಂದ ಒಂದೇ ಹನಿ, ಕಣ್ಣು ಮೆಲ್ಲಗೆ ಮುಚ್ಚಿಸಿ, ಒಳಮೂಲೆಯನ್ನು ಎರಡು ಮೂರು ನಿಮಿಷ ಒತ್ತುವುದು. ಒತ್ತುವುದಾದರೆ ಎಲ್ಲರಿಗೂ, ಇಲ್ಲದಿದ್ದರೆ ಯಾರಿಗೂ ಇಲ್ಲ, ಇಲ್ಲವಾದರೆ ರಕ್ತದಲ್ಲಿನ ಔಷಧದ ಅಂಕಿಗಳು ಒಂದಕ್ಕೊಂದು ಹೊಂದುವುದಿಲ್ಲ.

ನಿನ್ನ ಭಯಕ್ಕೆ ಇನ್ನೊಂದು ಮುಖವಿದೆ, ಬರೆಯಲೋ ಬೇಡವೋ ಎಂದು ಯೋಚಿಸಿದೆ. 30 ಜನರಿಗೆ ಹನಿ ಹಾಕಿ ಒಬ್ಬರಿಗೂ ಒಂದು ತೊಂದರೆ ಕಾಣಲಿಲ್ಲ ಎಂದುಕೋ. ಆಗಲೂ ಆ ತೊಂದರೆ ನೂರಕ್ಕೆ ಹತ್ತು ಜನರವರೆಗೂ ಬರುವ ಸಾಧ್ಯತೆಯನ್ನು ತಳ್ಳಿಹಾಕಲಾಗದು, ಮೂರನ್ನು ಜನಸಂಖ್ಯೆಯಿಂದ ಭಾಗಿಸಿದರೆ ಬರುವ ಲೆಕ್ಕ. ಎರಡೆರಡು ಕಣ್ಣು ಎಂದು 60 ಮಾಡಿಕೊಳ್ಳುವವರಿದ್ದಾರೆ, ಒಬ್ಬನ ಎರಡು ಕಣ್ಣು ಇಬ್ಬರು ಮನುಷ್ಯರಲ್ಲ. ‘ಸುರಕ್ಷಿತ’ ಎಂದು ವರದಿ ಬರೆಯುವಾಗ ಇದನ್ನು ಪಕ್ಕದಲ್ಲಿಟ್ಟುಕೋ. ಆ ಚುಕ್ಕೆಯ ಕಣ್ಣನ್ನು ‘ವೈದ್ಯಕೀಯವಾಗಿ ಮಹತ್ವದ್ದಲ್ಲ’ ಎಂಬ ಒಂದು ಸಾಲಿನಲ್ಲಿ ಮುಗಿಸಲು ಯಾರಾದರೂ ಹೇಳಿದರೆ, ಏಕೆ ಅಲ್ಲ ಎಂಬುದನ್ನು ಅವರೇ ಬರೆದು ಸಹಿ ಮಾಡಲಿ.

ಎಡವೋ ಬಲವೋ, ಮೊದಲ ದಿನದ ಅಂಕ ಎಷ್ಟು, ಒತ್ತಡ ಅಳೆದದ್ದು ಎಷ್ಟು ಗಂಟೆಗೆ, ಮರುದಿನ ಚುಕ್ಕೆ ಎಷ್ಟಾಯಿತು, ಈ ನಾಲ್ಕನ್ನು ಬರೆದು ಕಳಿಸು. ಅವನ ಹೆಸರು ಬೇಡ, ಸಂಖ್ಯೆಯೂ ಬೇಡ.

ಇಂತಿ,
ನಿನ್ನ ದೊಡ್ಡಮ್ಮ