‘ಪ್ರೆಸೆಂಟೇಬಲ್’ ಅಂದ್ರೆ ಎಂತ, ಒಮ್ಮೆ ಬರೆದು ಕೊಡಿ

ಸಂಪಾದಕರಿಗೆ ನಮಸ್ಕಾರ.

ಹೋದ ಆದಿತ್ಯವಾರ ನಿಮ್ಮ ಪೇಪರಿನ ‘ಬೇಕಾಗಿದ್ದಾರೆ’ ಕಾಲಮ್ಮಲ್ಲಿ ಒಂದು ಜಾಹೀರಾತು ಇತ್ತು. ಮಂಗಳೂರಿನ ಕ್ಲಿನಿಕ್ಕಿಗೆ ರಿಸೆಪ್ಷನಿಸ್ಟ್ ಬೇಕು, ಮಹಿಳೆ, 28ರ ಒಳಗೆ, ಪ್ರೆಸೆಂಟೇಬಲ್ ಆಗಿರ್ಬೇಕು. ಸಂಬಳ ಎಷ್ಟು, ಡ್ಯೂಟಿ ಎಷ್ಟು ಗಂಟೆ, ಒಂದೂ ಇಲ್ಲ. ಓದಿ ನಂಗೆ ಕುಡಿತಿದ್ದ ಚಾ ರುಚಿಸ್ಲಿಲ್ಲ ಮಾರಾಯ್ರೆ, ಯಾಕಂದ್ರೆ ನಂಗೀಗ 47, ಇದೇ ಕೆಲಸ 19 ವರ್ಷದಿಂದ ಮಾಡ್ತಿದ್ದೇನೆ, ಮತ್ತೆ ನಾನು ಪ್ರೆಸೆಂಟೇಬಲ್ ಅಲ್ಲ ಅಂತ ಹೋದ ವರ್ಷ ಗೊತ್ತಾಯ್ತು.

ನಾನಿರುದು ಇಲ್ಲಿಯ ಒಂದು ಖಾಸಗಿ ಲ್ಯಾಬಲ್ಲಿ, ಫ್ರಂಟ್ ಡೆಸ್ಕ್. ಹೆಸರು ಬೇಡ. 36ಕ್ಕೇ ಕೂದಲು ಬೆಳ್ಳಗಾಗ್ಲಿಕ್ಕೆ ಶುರು ಆಗಿತ್ತು, ನಮ್ಮ ಅಮ್ಮನಿಗೂ ಹಾಗೇ. ಮೂರು ವಾರಕ್ಕೊಮ್ಮೆ ಆದಿತ್ಯವಾರ ಬೆಳಿಗ್ಗೆ ಹಳೆ ನೈಟಿ ಹಾಕಿ ಡೈ ಹಚ್ಚಿ ಕೂತ್ಕೊಳ್ಳುದು, ಹತ್ತು ವರ್ಷ ಇದೇ ಕತೆ. ಮೊದಲು ಕಿವಿ ಹಿಂದೆ ತುರಿಕೆ, ಆಮೇಲೆ ಹಣೆ ಉರಿ, ಒಂದು ಸಲ ಬೆಳಿಗ್ಗೆ ಎದ್ದು ನೋಡಿದ್ರೆ ಕಣ್ಣಿನ ರೆಪ್ಪೆ ಊದಿ ಕಣ್ಣೇ ಬಿಡ್ಲಿಕ್ಕೆ ಆಗುದಿಲ್ಲ. ಚರ್ಮದ ಡಾಕ್ಟ್ರು ಬೆನ್ನಿಗೆ ಸಾಲಾಗಿ ಪಟ್ಟಿ ಅಂಟಿಸಿ ಎರಡು ದಿನ ನೀರು ತಾಗಿಸ್ಬೇಡಿ ಅಂದ್ರು. ಅದು ಯಾವುದ್ರ ಅಲರ್ಜಿ ಅಂತ ನೋಡುವ ಪ್ಯಾಚ್ ಟೆಸ್ಟ್ ಅಂತೆ, ಮಂಗಳೂರಿನ ಸೆಕೆಗೆ ಬೆನ್ನು ನೆನೆಸದೆ ಎರಡು ದಿನ ಕಳೆಯುದು ಅಂದ್ರೆ ಎಂತ ಅಂತ ಕೇಳ್ಬೇಡಿ. ಕೊನೆಗೆ ಸಿಕ್ಕಿಬಿದ್ದದ್ದು ಪಿಪಿಡಿ ಅಂತ ಒಂದು ಕೆಮಿಕಲ್, ಕಪ್ಪು ಡೈಗೆ ಆ ಕಪ್ಪು ಬರುದೇ ಅದ್ರಿಂದ. ಕಪ್ಪು ಮೆಹಂದಿ ಅಂತ ಮಾರ್ತಾರಲ್ಲ, ಅದ್ರಲ್ಲೂ ಇದನ್ನೇ ಬೆರೆಸ್ತಾರೆ, ಯಾಕಂದ್ರೆ ಬರೇ ಮದರಂಗಿ ಸೊಪ್ಪಿಗೆ ಕೆಂಪು ಬಿಟ್ಟು ಬೇರೆ ಬಣ್ಣ ಬರುದಿಲ್ಲ. ಇನ್ನು ಯಾವತ್ತೂ ಹಾಕ್ಬೇಡಿ, ಒಮ್ಮೆ ಅಲರ್ಜಿ ಹಿಡಿದ್ರೆ ಬಿಡುದಲ್ಲ ಅಂದ್ರು.

ಹಾಗೆ ನಾನು ಬಿಳಿ ತಲೆಯಲ್ಲೇ ಡ್ಯೂಟಿಗೆ ಹೋದೆ.

ಮೊದಲ ವಾರ ತಮಾಷೆ. ಎರಡನೇ ವಾರ ಮ್ಯಾನೇಜರ್ ಕರೆದ್ರು, ನನಗಿಂತ ಹದಿನೈದು ವರ್ಷ ಸಣ್ಣವರು, ಪಾಪ ಅವರಿಗೂ ಮೇಲಿಂದ ಹೇಳಿದ್ದಿರ್ಬೇಕು. “ಮೇಡಂ ತಪ್ಪು ತಿಳ್ಕೊಳ್ಬೇಡಿ, ಪೇಷಂಟ್‌ಗಳಿಗೆ ನೆಗೆಟಿವ್ ಫೀಲ್ ಬರ್ತದೆ, ಮದರಂಗಿ ಆದ್ರೂ ಹಾಕ್ಬಹುದಲ್ವಾ” ಅಂದ್ರು. ಹಾಕಿದೆ. ತಲೆ ಮಂಗಳೂರು ಹೆಂಚಿನ ಬಣ್ಣ ಬಂತು. ಅದು ಇನ್ನೂ ಕಷ್ಟ ಅಂತ ಅವರಿಗೇ ಅನ್ನಿಸ್ತು ಕಾಣ್ತದೆ, ಮರು ಸೋಮವಾರವೇ ನನ್ನನ್ನು ಹಿಂದಿನ ರೆಕಾರ್ಡ್ ರೂಮಿಗೆ ಹಾಕಿದ್ರು, ಫ್ರಂಟಲ್ಲಿ ಕೂತವರಿಗೆ ತಿಂಗಳಿಗೆ ಸಿಗ್ತಿದ್ದ 1,500 ರೂಪಾಯಿ ಅಲ್ಲಿಗೇ ಕಟ್. ಬಿಲ್ಲಿಂಗ್ ಕೌಂಟರಲ್ಲಿ ಒಬ್ಬರು ಗಂಡಸರು ಇದ್ದಾರೆ, ಒಳ್ಳೆ ಜನ, ತಲೆಯೂ ಬಿಳಿ ಮೀಸೆಯೂ ಬಿಳಿ, ಅವರು ಈಗ್ಲೂ ಎದುರೇ ಕೂತಿದ್ದಾರೆ. ಅವರದ್ದು ಎಕ್ಸ್‌ಪೀರಿಯೆನ್ಸ್ ಅಂತೆ. ನಮ್ಮಲ್ಲಿಗೆ ಶುಗರ್ ಟೆಸ್ಟಿಗೆ, ಥೈರಾಯ್ಡ್ ಟೆಸ್ಟಿಗೆ ಬರುವವರಲ್ಲಿ ಅರ್ಧಕ್ಕರ್ಧ ಜನರ ತಲೆಯೂ ಬೆಳ್ಳಗೇ, ಅವರಿಗೆ ನನ್ನನ್ನು ನೋಡಿ ನೆಗೆಟಿವ್ ಫೀಲ್ ಬಂದದ್ದು ಹೌದಾ? ತಿಂಗಳಿಗೊಮ್ಮೆ ಬರುವ ಒಬ್ಬರು ಅಜ್ಜ ಕೌಂಟರಲ್ಲಿ “ಆ ಅಕ್ಕ ಓಡೆ ಪೋಯೆರ್?” ಅಂತ, ಎಲ್ಲಿಗೆ ಹೋದ್ರು ಅಂತ ತುಳುವಲ್ಲಿ ಕೇಳಿದ್ರಂತೆ, ರಿಟೈರ್ ಆದ್ರು ಅಂತ ಹೇಳಿ ಕಳಿಸಿದ್ರಂತೆ. ನಾನು ಗೋಡೆ ಆಚೆ ಫೈಲ್ ಜೋಡಿಸ್ತಾ ಇದ್ದೆ.

ಯೂನಿಫಾರ್ಮೇ ಬೇಡ, ಶಿಸ್ತೇ ಬೇಡ ಅಂತ ನಾನು ಹೇಳುದಲ್ಲ. ಖಾಕಿ ಬಣ್ಣ ಹುಟ್ಟಿದ್ದೇ ನಮ್ಮ ಬಲ್ಮಠದ ಬಾಸೆಲ್ ಮಿಶನ್ ನೇಯ್ಗೆ ಕಾರ್ಖಾನೆಯಲ್ಲಿ ಅಂತ ಜಂಬದಿಂದ ಹೇಳುವ ಊರು ನಮ್ಮದು, ಉಡುಪಿ ಬಸ್ಸಲ್ಲಿ ರಶ್ಶಿನ ಮಧ್ಯೆ ಕಂಡಕ್ಟರ್ ಯಾರು ಅಂತ ಖಾಕಿ ನೋಡಿಯೇ ಗೊತ್ತಾಗುದು. ಲ್ಯಾಬ್ ಒಳಗೆ ಉಗುರು ಬೆಳೆಸ್ಬಾರದು, ಕೂದಲು ಕಟ್ಬೇಕು, ಬಳೆ ಉಂಗುರ ತೆಗಿಬೇಕು, ಅದಕ್ಕೆಲ್ಲ ಕಾರಣ ಉಂಟು, ಕೇಳಿದ್ರೆ ಯಾರಾದ್ರೂ ವಿವರಿಸ್ತಾರೆ. ಬಿಳಿ ಕೂದಲಿಗೆ ಕಾರಣ ಕೇಳಿದ್ರೆ “ಇಮೇಜ್” ಅಂತಾರೆ. ಅಲ್ಲಿಂದ ಮುಂದೆ ಮಾತೇ ಇಲ್ಲ.

ಮತ್ತೆ ಆ ಇಮೇಜಿನ ಖರ್ಚು ಯಾರದ್ದು ಅಂತ ಕೂಡ ನೋಡಿ. ನನ್ನ ಜಾಗಕ್ಕೆ ಬಂದ ಹುಡುಗಿ ಮೂಡುಬಿದಿರೆ ಕಡೆಯವಳು, ಸಂಬಳ 13,000, ಬಸ್ಸಿಗೇ ಎಷ್ಟೋ ಹೋಗ್ತದೆ. ಸೀರೆ ಮೂರು ಅವಳದ್ದೇ ದುಡ್ಡಲ್ಲಿ, ಹೊಲಿಗೆ ಬೇರೆ, ಲಿಪ್‌ಸ್ಟಿಕ್ ಇಂಥದ್ದೇ ಶೇಡ್ ಅಂತ ವಾಟ್ಸಾಪ್ ಗ್ರೂಪಲ್ಲಿ ಫೋಟೋ ಬರ್ತದೆ, ಕಪ್ಪು ಹೀಲ್ಸ್ ಕಡ್ಡಾಯ. ಜೂನ್ ಬಂದ್ರೆ ಗೊತ್ತುಂಟಲ್ಲ ನಮ್ಮ ಊರಿನ ಅವಸ್ಥೆ, ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಹತ್ತಿರ ಸುರಿಯುವ ಊರು, ಪಂಪ್‌ವೆಲ್‌ನಲ್ಲಿ ಮೊಣಕಾಲು ನೀರಲ್ಲಿ ನಡೆದು ಬಂದವಳು ರಬ್ಬರ್ ಚಪ್ಪಲಿ ಹಾಕಿ ಕೂತದ್ದಕ್ಕೆ 200 ರೂಪಾಯಿ ಫೈನ್! ಗಂಡು ಹುಡುಗರದ್ದೂ ಸುಖ ಇಲ್ಲ, ಮಾರ್ಕೆಟಿಂಗಿನವರು ಏಪ್ರಿಲ್ ತಿಂಗಳ ಬೆವರಲ್ಲಿ ಟೈ ಕಟ್ಟಿ ಬೈಕಲ್ಲಿ ಸುರತ್ಕಲ್‌ವರೆಗೆ ಹೋಗ್ಬೇಕು, ಮಳೆಗಾಲದಲ್ಲಿ ಅವರ ಲೆದರ್ ಶೂ ಒಳಗೆ ಬೂಷ್ಟು ಹಿಡಿತದೆ. ಓನರ್ ಬರುದು ಬರ್ಮುಡಾದಲ್ಲಿ. ಅವರ ಲ್ಯಾಬ್, ಅವರ ಕಾಲು, ನಾನು ಎಂತ ಹೇಳುದು.

ಮಲ್ಲಿಗೆ ವಿಷಯ ಹೇಳದಿದ್ರೆ ನಂಗೆ ಸಮಾಧಾನ ಇಲ್ಲ. ನನ್ನ ಅಮ್ಮನ ಮನೆ ಉಡುಪಿ ಕಡೆಯ ಮಲ್ಲಿಗೆ ಊರು ಶಂಕರಪುರದ ಹತ್ತಿರ. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆ ನಾರಲ್ಲಿ ಕಟ್ಟಿಯೇ ನಮ್ಮನ್ನೆಲ್ಲ ಶಾಲೆಗೆ ಕಳಿಸಿದ್ದು. ಈಗ ಉಡುಪಿ ಮಲ್ಲಿಗೆಗೆ, ಇದು ಈ ಊರಿನದ್ದೇ ಅಂತ ಸರ್ಕಾರ ಕೊಡುವ ಜಿಐ ಟ್ಯಾಗೂ ಉಂಟು. ಆದ್ರೆ ನಮ್ಮ ಫ್ರಂಟ್ ಡೆಸ್ಕಲ್ಲಿ ಮಲ್ಲಿಗೆ ಮುಡಿಬಾರದು, ಪರಿಮಳ ಜಾಸ್ತಿ, ಲುಕ್ ಪ್ರೊಫೆಷನಲ್ ಅಲ್ಲ. ಸರಿ, ರೋಗಿಗಳಿಗೆ ತಲೆನೋವು ಬರ್ಬಹುದು ಅಂತ ಒಪ್ಪಿದೆ. ಮೂರು ತಿಂಗಳು ಕಳೆದು ಹೊಸ ಬ್ರಾಂಚಿನ ಉದ್ಘಾಟನೆ, ಅತಿಥಿಗಳ ಎದುರು ತಟ್ಟೆ ಹಿಡಿದು ನಿಲ್ಲುವ ಹುಡುಗಿಯರಿಗೆ ಮೊಳಗಟ್ಲೆ ಮಲ್ಲಿಗೆ ಕಡ್ಡಾಯ ಅಂತ ಅದೇ ಗ್ರೂಪಲ್ಲಿ ಮೆಸೇಜ್! ಮಾರ್ನೆಮಿಗೆ, ಅಂದ್ರೆ ನವರಾತ್ರಿಗೆ, ಹುಲಿವೇಷ ಹಾಕಿದ ನಮ್ಮ ಆಫೀಸಿನ ಹುಡುಗನದ್ದೂ ಇದೇ ಕತೆ. ಆ ಪೈಂಟ್ ಅಷ್ಟು ಸುಲಭಕ್ಕೆ ಹೋಗುದಿಲ್ಲ, ಸೀಮೆಎಣ್ಣೆ ಹಾಕಿ ಉಜ್ಜಿದ್ರೂ ಕಿವಿ ಹಿಂದೆ ಹಳದಿ ಉಳಿತದೆ, ಅದಕ್ಕೆ ಅರ್ಧ ದಿನ ರಜೆ ಬರೆಸಿ ಮನೆಗೆ ಕಳಿಸಿದ್ರು. ಕಳಿಸಿದವರ ಸ್ಟೇಟಸ್‌ನಲ್ಲಿ ಆ ವಾರ ಪೂರ್ತಿ ಹುಲಿ ಕುಣಿತದ ವಿಡಿಯೋ.

ಗಿರಾಕಿಗೆ ಇಷ್ಟ ಆಗುದಿಲ್ಲ ಅನ್ನುವ ಮಾತನ್ನು ನಾನು ನಂಬುದಿಲ್ಲ. ನವೆಂಬರಿಂದ ಜನವರಿ ತನಕ ಅಯ್ಯಪ್ಪ ಮಾಲೆ ಹಾಕಿದವರು 41 ದಿನ ಗಡ್ಡ ಬಿಟ್ಟು ಕಪ್ಪು ಉಟ್ಟು ಬರಿಗಾಲಲ್ಲಿ ಅದೇ ಕೌಂಟರಲ್ಲಿ ಕೂತ್ಕೊಳ್ತಾರೆ, ಯಾರೂ ಒಂದು ಮಾತು ಹೇಳುದಿಲ್ಲ, ಹೇಳ್ಲೂಬಾರದು. ಒಬ್ಬ ಗಿರಾಕಿ ಆದ್ರೂ ಎದ್ದು ಹೋದದ್ದುಂಟಾ? ಇಲ್ಲ.

ಅಕ್ಕನ ಮಗಳು ಲಾ ಓದ್ತಾಳೆ, ಅವಳ ಹತ್ರ ಕೇಳಿದೆ. ವಿಮಾನದ ಗಗನಸಖಿಯರನ್ನು ಮೊದಲ ಬಸುರಿಗೇ ಕೆಲಸದಿಂದ ತೆಗೆಯುವ ನಿಯಮ ಏರ್ ಇಂಡಿಯಾದಲ್ಲಿತ್ತಂತೆ, ಅದನ್ನು ಸುಪ್ರೀಂ ಕೋರ್ಟು 1981ರಲ್ಲಿ ಹೊಡೆದು ಹಾಕಿತು. ಆದ್ರೆ ಅದು ಆಗ ಸರ್ಕಾರಿ ಸಂಸ್ಥೆ, ನಿಮ್ಮಂಥ ಖಾಸಗಿ ಲ್ಯಾಬಿಗೆ ಸಂವಿಧಾನ ಹಿಡ್ಕೊಂಡು ನೇರ ಹೋಗ್ಲಿಕ್ಕೆ ಕಷ್ಟ ಚಿಕ್ಕಮ್ಮ ಅಂದಳು. ಫೈನ್ ಮಾತ್ರ ಬೇರೆ ವಿಷಯ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಇತ್ತು, ಈಗ ಅದ್ರ ಬದಲಿಗೆ ಬಂದ 2019ರ ವೇತನ ಸಂಹಿತೆಯಲ್ಲೂ ಉಂಟು, ದಂಡ ಹಾಕುವ ತಪ್ಪುಗಳು ಯಾವುದು ಅಂತ ಮೊದಲೇ ನೋಟಿಸ್ ಹಾಕಿರ್ಬೇಕು, ಹಾಕುವ ಮೊದಲು ಆ ನೌಕರಳ ಮಾತು ಕೇಳ್ಬೇಕು, ಮತ್ತೆ ಒಂದು ತಿಂಗಳ ದಂಡ ಎಲ್ಲ ಸೇರಿಸಿದ್ರೂ ಸಂಬಳದ ಶೇ 3 ಮೀರ್ಬಾರದು. 13,000ಕ್ಕೆ ಲೆಕ್ಕ ಹಾಕಿ, 390 ರೂಪಾಯಿ. ಮಳೆಗಾಲದ ಒಂದೇ ತಿಂಗಳಲ್ಲಿ ಎರಡು ಸಲ ಚಪ್ಪಲಿ ಫೈನ್ ಆದ್ರೇ 400. ಆ ಹುಡುಗಿಗೆ ಹೇಳಿದೆ, ಅವಳು “ಬೇಡ ಅಕ್ಕ, ಕೆಲಸ ಹೋಗ್ತದೆ” ಅಂದಳು. ನಾನು ಒತ್ತಾಯ ಮಾಡ್ಲಿಲ್ಲ, ನನ್ನದೇ ವಿಷಯದಲ್ಲಿ ನಾನು ಎಷ್ಟು ಮಾತಾಡಿದ್ದೇನೆ ಅಂತ ನಂಗೆ ಗೊತ್ತುಂಟಲ್ಲ.

ಹಾಗಾಗಿ ಕೆಲಸ ಕೊಡುವವರಲ್ಲಿ ನಾನು ಕೇಳುದು ಇಷ್ಟೇ. ನಿಮಗೆ ಇಂಥ ಮುಖ ಇಂಥ ಕೂದಲು ಇಂಥ ಚಪ್ಪಲಿ ಬೇಕೂಂತಾದ್ರೆ ಅದನ್ನು ಆಫರ್ ಲೆಟರಲ್ಲಿ ಕಾರಣ ಸಮೇತ ಬರೆದು ಸಹಿ ಹಾಕಿ ಕೊಡಿ, ಸೀರೆ ಲಿಪ್‌ಸ್ಟಿಕ್ ಶೂ ಎಲ್ಲದರ ದುಡ್ಡು ನೀವೇ ಕೊಡಿ. “ಬಿಳಿ ಕೂದಲಿನ ಹೆಂಗಸು ಎದುರು ಕೂತ್ಕೊಳ್ಬಾರದು, ಗಂಡಸು ಕೂತ್ಕೊಳ್ಬಹುದು” ಅಂತ ಲೆಟರ್‌ಹೆಡ್ಡಲ್ಲಿ ಬರೆಯುವ ಧೈರ್ಯ ಎಷ್ಟು ಜನರಿಗುಂಟು ಅಂತ ನೋಡುವ.

ನಿಮ್ಮ ಹತ್ರವೂ ಒಂದು ವಿನಂತಿ ಉಂಟು ಸಂಪಾದಕರೇ, ಬೇಜಾರು ಮಾಡ್ಬೇಡಿ. ಬೆಳ್ಳಗಾಗುವ ಕ್ರೀಮಿನ ಹೆಸರಿಂದ ಕೂಡ 2020ರಲ್ಲಿ ‘ಫೇರ್’ ಶಬ್ದ ಹೋಯ್ತು, ನಿಮ್ಮ ಜಾಹೀರಾತು ಕಾಲಮ್ಮಿಂದ ‘ಪ್ರೆಸೆಂಟೇಬಲ್’ ಇನ್ನೂ ಹೋಗ್ಲಿಲ್ಲ, ಅದ್ರ ಅಡಿಯಲ್ಲಿ ಬಣ್ಣ, ಪ್ರಾಯ, ತೂಕ ಎಲ್ಲ ಅಡಗಿ ಕೂತಿದೆ. ನಿಮ್ಮ ಜಾಹೀರಾತು ವಿಭಾಗದವರು ಅದನ್ನು ತೆಗೆದು ಅಲ್ಲಿ ಸಂಬಳ ಎಷ್ಟೂಂತ ಹಾಕ್ಲಿಕ್ಕೆ ಹೇಳ್ಬಹುದಲ್ವಾ? ಶಬ್ದದ ಲೆಕ್ಕದಲ್ಲಿ ದುಡ್ಡು ತೆಗೊಳ್ಳುದಲ್ವಾ ನೀವು, ಒಂದು ಹೋಗಿ ಒಂದು ಬಂದ್ರೆ ಯಾರಿಗೂ ನಷ್ಟ ಇಲ್ಲ.

ಹೆಸರು ಹಾಕ್ಬೇಡಿ, ಇನ್ನೂ 11 ವರ್ಷ ಸರ್ವಿಸ್ ಉಂಟು.

— ಒಬ್ಬ ಓದುಗಿ, ಬಿಜೈ, ಮಂಗಳೂರು